ಮೊದಲು ಯಾವ ರಸ್ತೆ ಅಗೆಯೋಣ?

ನಗಬಾರದ ಜಾಗದಲ್ಲೇ ನಗು ಬರುವುದು ನನ್ನ ಕೆಲಸದ ಗುಣವೋ ನನ್ನ ಗ್ರಹಚಾರವೋ ಗೊತ್ತಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ.

ನಾನು ದಾವಣಗೆರೆಯಲ್ಲಿ ಸಿವಿಲ್ ಓದಿದವಳು. ಈಗ ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿದ್ದೇನೆ. ಸಿವಿಲ್ ಎಂಜಿನಿಯರ್ ಅಂದ ಕೂಡಲೇ ಜನ ನನ್ನನ್ನು ಹೆಲ್ಮೆಟ್ ಹಾಕಿಸಿ ಸೇತುವೆಯ ಮೇಲೆ ನಿಲ್ಲಿಸಿಬಿಡುತ್ತಾರೆ. ನಿಜ ಹೇಳಬೇಕೆಂದರೆ ನಾನು ಈವರೆಗೆ ಒಂದು ಮೋಟುಗೋಡೆಯನ್ನೂ ಕಟ್ಟಿಸಿಲ್ಲ. ಒಂದು ಊರು ಅಂದಮೇಲೆ ಕಿತ್ತುಹೋದ ರಸ್ತೆ ಇರುತ್ತದೆ, ಸೋರುವ ಪೈಪ್ ಇರುತ್ತದೆ, ತುಕ್ಕು ಹಿಡಿದ ಸೇತುವೆ ಇರುತ್ತದೆ. ಎಲ್ಲವನ್ನೂ ಒಂದೇ ವರ್ಷ ಮಾಡಿ ಮುಗಿಸುವ ತಾಕತ್ತು ಯಾವ ಊರಿಗೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಜಗಳ ಶುರುವಾದಾಗ ನಮ್ಮನ್ನು ಕರೆಸುತ್ತಾರೆ. ನಾವು ಊರಿನ ಪ್ರಮುಖರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ಸುರಕ್ಷತೆ ಎಷ್ಟು ಮುಖ್ಯ, ಖರ್ಚು ಎಷ್ಟು ಮುಖ್ಯ, ಜನಕ್ಕಾಗುವ ತೊಂದರೆ ಎಷ್ಟು ಮುಖ್ಯ ಅಂತ ಕೇಳಿ ಒಂದೊಂದಕ್ಕೂ ಇಷ್ಟಿಷ್ಟು ತೂಕ ಕೊಡಿಸುತ್ತೇವೆ. ಆಮೇಲೆ ಪ್ರತಿ ಕಾಮಗಾರಿಗೂ ಅಂಕ ಹಾಕಿ, ಗುಣಿಸಿ, ಕೂಡಿ, ಇದು ಮೊದಲನೆಯದು, ಇದು ಎರಡನೆಯದು ಅಂತ ಹೇಳುತ್ತೇವೆ. ಅಷ್ಟೇ ಕೆಲಸ.

ಆದರೆ ಇದನ್ನು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ವಿವರಿಸುವುದು ಕಷ್ಟ. ಒಮ್ಮೆ ಮೈಸೂರಿನ ಕಡೆಯ ಆಂಟಿಯೊಬ್ಬರು ನನ್ನ ಹಿಂದೆ ನಿಂತಿದ್ದರು.

"ಬ್ರಿಜ್ ಕಟ್ತೀಯಾ ನೀನು?"

"ಇಲ್ಲ ಆಂಟಿ."

"ಮತ್ತೆ, ಕಟ್ಟೋರಿಗೆ ಡ್ರಾಯಿಂಗ್ ಮಾಡ್ಕೊಡ್ತೀಯಾ?"

"ಅದೂ ಇಲ್ಲ. ಯಾವುದನ್ನ ಮೊದಲು ಕಟ್ಟಿದ್ರೆ ಒಳ್ಳೇದು ಅಂತ ಲೆಕ್ಕ ಹಾಕಿ ಹೇಳ್ತೀನಿ."

ಆಂಟಿ ಕೋಸಂಬರಿಯ ಸೌಟನ್ನು ಅರ್ಧದಲ್ಲೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಜ್ಯೋತಿಷ್ಯ ಅಂತ ನೇರವಾಗಿ ಹೇಳಬಾರದೇನೇ? ಅದಕ್ಕ್ಯಾಕೆ ನಾಚಿಕೆ!"

ಸುತ್ತುವ ಅಡುಗೆಮನೆ

ಅದರ ಮುಂದಿನ ವಾರವೇ ಆ ಆಂಟಿ ಫೋನ್ ಮಾಡಿದರು. ಮನೆಯಲ್ಲಿ ಮೂರು ಕೆಲಸ ಬಾಕಿ ಇದೆಯಂತೆ: ಅಡುಗೆಮನೆ ಹೊಸದು ಮಾಡಿಸಬೇಕು, ಬೇಸ್‌ಮೆಂಟ್ ಸರಿ ಮಾಡಿಸಬೇಕು, ಹಿತ್ತಲಿಗೆ ಡೆಕ್, ಅಂದರೆ ಮರದ ಜಗಲಿ, ಹಾಕಿಸಬೇಕು. "ಬಂದು ನೋಡಿ ಹೇಳಮ್ಮಾ, ಯಾವುದು ಮೊದಲು ಅಂತ" ಎಂದರು. ಕವಡೆ ತರಬೇಕೋ ಲ್ಯಾಪ್‌ಟಾಪ್ ತರಬೇಕೋ ಅಂತ ಯೋಚಿಸಿ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ.

ಅಂಕಲ್ ಸೋಫಾದ ಮೂಲೆಯಲ್ಲಿ ಐಪ್ಯಾಡ್ ಹಿಡಿದು ಕೂತಿದ್ದರು. ನಕ್ಕು ಮತ್ತೆ ಅದಕ್ಕೇ ಮರಳಿದರು. ನಾನು ಆಂಟಿಗೆ ವಿಧಾನ ಹೇಳಿದೆ: ಎರಡೆರಡು ಕೆಲಸ ಜೋಡಿ ಮಾಡಿ ಕೇಳ್ತೀನಿ, ಜೋಡಿಯಲ್ಲಿ ಯಾವುದು ಮುಖ್ಯ ಅಂತ ಹೇಳಿದರೆ ಸಾಕು, ಉಳಿದದ್ದನ್ನು ಲೆಕ್ಕ ನೋಡಿಕೊಳ್ಳುತ್ತದೆ.

"ಅಡುಗೆಮನೆನಾ, ಬೇಸ್‌ಮೆಂಟಾ?"

"ಅಡುಗೆಮನೆ ಕಣೇ. ಬೇಸ್‌ಮೆಂಟಲ್ಲಿ ಏನಿದೆ? ನಿಮ್ಮಂಕಲ್ ಟ್ರೆಡ್‌ಮಿಲ್ ಇದೆ. ಅದರ ಮೇಲೆ ಬಟ್ಟೆ ಒಣಗ್ತಾ ಇರುತ್ತೆ."

"ಸರಿ. ಬೇಸ್‌ಮೆಂಟಾ, ಡೆಕ್ಕಾ?"

"ಬೇಸ್‌ಮೆಂಟ್. ಈ ಊರಲ್ಲಿ ಡೆಕ್ ಮೇಲೆ ಕೂರೋದು ಬೇಸಿಗೇಲಿ ಮಾತ್ರ. ಆಗ ಸೊಳ್ಳೆ ಕೂರಕ್ಕೆ ಬಿಡಲ್ಲ."

ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡೆ. "ಹಾಗಾದ್ರೆ ಅಡುಗೆಮನೆ, ಡೆಕ್ ಎರಡರಲ್ಲಿ ಅಡುಗೆಮನೆ ಅಂತ ಹಾಕ್ಕೋತೀನಿ."

"ತಡಿ ತಡಿ. ಡೆಕ್ ಹಾಕ್ಕೋ."

"ಅದ್ಹೇಗೆ ಆಂಟಿ? ಅಡುಗೆಮನೆ ಬೇಸ್‌ಮೆಂಟಿಗಿಂತ ಮುಖ್ಯ ಅಂದ್ರಿ, ಬೇಸ್‌ಮೆಂಟ್ ಡೆಕ್‌ಗಿಂತ ಮುಖ್ಯ ಅಂದ್ರಿ..."

"ಅಯ್ಯೋ, ಅಡುಗೆಮನೆ ನಮಗಷ್ಟೇ ಕಾಣೋದಲ್ವಾ? ಡೆಕ್ ಪಕ್ಕದ್ಮನೆಯವರಿಗೂ ಕಾಣುತ್ತೆ. ಅವರು ಹೋದ ಬೇಸಿಗೇಲಿ ತಾನೇ ಹೊಸದು ಹಾಕಿಸಿದಾರೆ, ಮೆಟ್ಟಿಲಿಗೆಲ್ಲಾ ಲೈಟು!"

ಹೀಗೆ ಉತ್ತರ ಸುತ್ತಿಕೊಂಡು ಬಂದರೆ ಹಿಡಿಯುವುದಕ್ಕೆ ನಮ್ಮ ವಿಧಾನದಲ್ಲಿ ಒಂದು ಪರೀಕ್ಷೆ ಇದೆ. ಲ್ಯಾಪ್‌ಟಾಪಿನ ಪರದೆ ಕೆಂಪಗಾಯಿತು. ಆಂಟಿ ಬೇಜಾರು ಮಾಡಿಕೊಳ್ಳದೆ "ಇನ್ನೊಂದ್ಸಲ ಕೇಳು" ಅಂದರು. ಕೇಳಿದೆ. ಈ ಸಲ ಅದೇ ಚಕ್ರ ಉಲ್ಟಾ ತಿರುಗಿತು. ಬೇಸ್‌ಮೆಂಟಿನಲ್ಲಿ ಈಗ ಭಜನೆಗೆ ಜಾಗ ಬೇಕಾಗಿತ್ತು. ಕಾಫಿ ಆರಿತು, ಚಕ್ಕುಲಿ ಖಾಲಿಯಾಯಿತು, ತೀರ್ಮಾನ ಮಾತ್ರ ಆಗಲಿಲ್ಲ. "ನಿಧಾನವಾಗಿ ಯೋಚಿಸಿ ಆಂಟಿ, ಇನ್ನೊಮ್ಮೆ ನೋಡೋಣ" ಅಂತ ಸೋತ ಮುಖದಲ್ಲಿ ಎದ್ದೆ.

ಕಾರಿನವರೆಗೆ ಬಿಡಲು ಅಂಕಲ್ ಹೊರಗೆ ಬಂದರು. ಸಂಜೆಯೆಲ್ಲ ಹಾಳು ಮಾಡಿದ್ದಕ್ಕೆ ಏನಂತಾರೋ ಅಂತ ನನಗೆ ಅಳುಕು. ಅವರು ಸುತ್ತ ಒಮ್ಮೆ ನೋಡಿ ಎರಡೂ ಕೈ ಮುಗಿದರು.

"ತುಂಬಾ ಉಪಕಾರ ಆಯ್ತಮ್ಮ. ಸೋಮವಾರ ಕಂಟ್ರಾಕ್ಟರ್‌ನ ಕರೆಸ್ತೀನಿ ಅಂತಿದ್ಲು. ಈಗ ನಿನ್ನ ಲೆಕ್ಕ ಬಗೆಹರಿಯೋ ತನಕ ಏನೂ ಶುರು ಮಾಡಲ್ವಂತೆ. ದೇವರಾಣೆ, ಬಗೆಹರಿಸಬೇಡ."

ಪೈಪಿನಲ್ಲಿ ಸಾಗಿಸುವುದು

ನಾನು ಮೊದಲ ಸಲ ಒಬ್ಬಳೇ ಸಾರ್ವಜನಿಕ ಸಭೆ ನಡೆಸಿದ ಕಥೆ ಇದು. ಸಾಮಾನ್ಯವಾಗಿ ಬಾಸ್ ಜೊತೆಗಿರುತ್ತಾರೆ. ಅವರ ಅಜ್ಜ ಪೋಲೆಂಡಿನಿಂದ ಬಂದವರಂತೆ. ಇವರದು ಆರಡಿ ದಾಟಿದ ದೇಹ, ಮೈಕ್ ಬೇಡದ ಗಂಟಲು. ಅವರು ನಿಂತರೆ ಎಂಥ ಸಿಟ್ಟಿನ ಸಭೆಯೂ ಅರ್ಧ ತಣ್ಣಗಾಗುತ್ತದೆ. ಅವತ್ತು ಏಪ್ರಿಲ್‌ನಲ್ಲೂ ಹಿಮ ಬಿದ್ದು, ಅವರು ದಾರಿಯಲ್ಲೇ ಸಿಕ್ಕಿಹಾಕಿಕೊಂಡು "ನೀನೇ ಶುರು ಮಾಡು" ಅಂತ ಮೆಸೇಜ್ ಕಳಿಸಿದರು.

ಎಲ್ಕ್ ಗ್ರೋವ್ ವಿಲೇಜ್‌ನಿಂದ ನಾಲ್ಕು ಎಕ್ಸಿಟ್ ಆಚೆಯ ಒಂದು ಸಣ್ಣ ಊರು. ವಸಂತದ ಮಳೆಗೆ ಹಿತ್ತಲುಗಳಲ್ಲಿ ನೀರು ನಿಲ್ಲುತ್ತಿತ್ತು. ಬೇರೆ ಕಾಮಗಾರಿಗಳಿಗೆಲ್ಲ ಹೋಲಿಸಿ ನೋಡಿದಾಗ ಚರಂಡಿ ಪೈಪಿನ ಕೆಲಸವೇ ಮೊದಲ ಸ್ಥಾನಕ್ಕೆ ಬಂದಿತ್ತು. ಅದನ್ನು ಜನರಿಗೆ ಹೇಳುವುದಷ್ಟೇ ನನ್ನ ಕೆಲಸ. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡು ಬಾಗಿಲು ತೆಗೆದರೆ ಹಾಲ್ ತುಂಬ ಜನ! ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ನಿಂತಿದ್ದಾರೆ. ಎಲ್ಲರ ಮುಖವೂ ಗಂಟಿಕ್ಕಿದೆ. ಬಾಗಿಲಲ್ಲಿ ಒಬ್ಬ ಪೊಲೀಸ್. ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ಮುಂದೆ ಹೋದೆ.

"ಪ್ರತಿ ವಸಂತದಲ್ಲೂ ನಿಮಗಾಗುತ್ತಿರುವ ತೊಂದರೆ ನಮಗೆ ಚೆನ್ನಾಗಿ ಗೊತ್ತು" ಅಂತ ಶುರು ಮಾಡಿದೆ.

ಚಪ್ಪಾಳೆಯೋ ಚಪ್ಪಾಳೆ. ನನಗೆ ಜೀವ ಬಂತು.

ಒಬ್ಬ ತಾತ ಎದ್ದು ನಿಂತರು. "ಹಿತ್ತಲಲ್ಲಿ ಕಾಲಿಡೋ ಹಾಗಿಲ್ಲ. ಬೂಟಿಗೆಲ್ಲ ಹೊಲಸು. ಹುಲ್ಲು ಪೂರ್ತಿ ಹಾಳು!"

"ಖಂಡಿತ. ಆರೋಗ್ಯಕ್ಕೂ ಒಳ್ಳೆಯದಲ್ಲ" ಅಂದೆ.

"ಸದ್ದು ಬೇರೆ! ಬೆಳಗಾಗುವ ಮೊದಲೇ ಶುರು!" ಅಂದರು ಇನ್ನೊಬ್ಬರು.

ಬೇಸ್‌ಮೆಂಟಿನ ನೀರು ಎತ್ತುವ ಪಂಪಿನ ಸದ್ದಿರಬೇಕು ಅಂದುಕೊಂಡು ಅದಕ್ಕೂ ತಲೆಯಾಡಿಸಿದೆ. ಸಭೆ ನನ್ನ ಕೈಗೆ ಸಿಕ್ಕಿದೆ ಅನ್ನುವ ಧೈರ್ಯದಲ್ಲಿ ಯೋಜನೆಯನ್ನು ಬಿಚ್ಚಿಟ್ಟೆ.

"ಪರಿಹಾರ ಸರಳ. ನಿಮ್ಮ ಹಿತ್ತಲಲ್ಲಿ ಸೇರಿದ್ದನ್ನೆಲ್ಲ ಒಂದು ಕಡೆ ಕೂಡಿಸುತ್ತೇವೆ. ನೆಲದಡಿ ದೊಡ್ಡ ಪೈಪ್ ಹಾಕಿ, ಹಿಂದಿನಿಂದ ಒತ್ತಡ ಕೊಟ್ಟು, ಊರಾಚೆಯ ಕೊಳಕ್ಕೆ ತಳ್ಳಿಬಿಡುತ್ತೇವೆ. ಒಮ್ಮೆ ಒಳಗೆ ಹೋದದ್ದು ವಾಪಸ್ ಬರುವ ಪ್ರಶ್ನೆಯೇ ಇಲ್ಲ."

ಈ ಸಲ ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಉಣ್ಣೆ ಟೋಪಿ ಹಾಕಿದ ಅಜ್ಜಿಯೊಬ್ಬರು ನಡುಗುವ ದನಿಯಲ್ಲಿ ಕೇಳಿದರು.

"ಜೀವಂತವಾಗಿಯೇ?"

ಅಷ್ಟರಲ್ಲಿ ಊರ ಕಚೇರಿಯ ಗುಮಾಸ್ತೆ ಓಡಿಬಂದಳು. ನನ್ನ ಸಭೆ ಪಕ್ಕದ ಹಾಲ್‌ನಲ್ಲಂತೆ. ಇದು ಊರಿಗೆಲ್ಲ ಕಾಟ ಕೊಡುತ್ತಿದ್ದ ಹೆಬ್ಬಾತುಗಳ ಬಗ್ಗೆ ಕರೆದ ಸಭೆಯಂತೆ. ಸಾರಿ ಸಾರಿ ಅನ್ನುತ್ತ ಲ್ಯಾಪ್‌ಟಾಪ್ ಬಾಚಿಕೊಂಡು ಪಕ್ಕದ ಬಾಗಿಲಿಗೆ ಓಡಿದೆ. ಅಲ್ಲಿ ಮೂರೇ ಜನ, ಅದರಲ್ಲಿ ಒಬ್ಬರಿಗೆ ಸೊಗಸಾದ ನಿದ್ದೆ. ಅಬ್ಬಾ, ಆ ಖಾಲಿ ಕುರ್ಚಿಗಳನ್ನು ನೋಡಿ ನನಗಾದ ಸಂತೋಷ! ಕೂತು ಉಸಿರು ಬಿಡುವಷ್ಟರಲ್ಲಿ ಯಾರೋ ಹಿಂದಿನಿಂದ ಭುಜ ತಟ್ಟಿದರು. ಹಿತ್ತಲಿನ ತಾತ. ನನ್ನನ್ನು ಹಿಂಬಾಲಿಸಿಕೊಂಡೇ ಬಂದಿದ್ದರು.

"ಆ ಅಜ್ಜಿಯ ಮಾತು ಬಿಡು ಮಗಳೇ" ಅಂತ ಪಿಸುಗುಟ್ಟಿದರು. "ನಿನ್ನ ಪೈಪ್ ಎಷ್ಟು ದಪ್ಪ?"

ಹುರಿಗಡಲೆ

ತೂಕ ಕೊಡಿಸುವುದು ಅಂದೆನಲ್ಲ, ಅದನ್ನು ನಾವು ಒಂದು ಆಟದ ಹಾಗೆ ಮಾಡಿಸುತ್ತೇವೆ. ಮೇಜಿನ ಮೇಲೆ ಸುರಕ್ಷತೆ, ಖರ್ಚು, ಪರಿಸರ, ಊರಿನ ಅಂದಚೆಂದ ಅಂತ ಬರೆದ ಕಾಗದದ ಲೋಟಗಳು. ಪ್ರತಿಯೊಬ್ಬರಿಗೂ ಒಂದು ಹಿಡಿ ಒಣಗಿದ ರಾಜ್ಮಾ ಕಾಳು. ಯಾವುದು ಮುಖ್ಯವೋ ಆ ಲೋಟಕ್ಕೆ ಹೆಚ್ಚು ಕಾಳು. ದೊಡ್ಡವರೂ ಇದರಲ್ಲಿ ಮಕ್ಕಳ ಹಾಗೆ ಮೈಮರೆಯುತ್ತಾರೆ.

ಡೆಟ್ರಾಯಿಟ್ ಕಡೆಯ ಒಂದು ಊರಿಗೆ ಹೋದಾಗ ಕಾಳಿನ ಡಬ್ಬ ಲಿಸ್ಲ್‌ನಲ್ಲೇ ಉಳಿದುಬಿಟ್ಟಿತ್ತು. ವಾಪಸ್ ಹೋಗಿ ತರುವ ದೂರವೇ ಅದು? ಕಾರಿನ ಹಿಂದೆ ಇಂಡಿಯನ್ ಅಂಗಡಿಯ ಚೀಲವಿತ್ತು, ಅದರಲ್ಲಿ ಚಟ್ನಿಗೆಂದು ಕೊಂಡ ಹುರಿಗಡಲೆ. ಗುಂಡಗಿದೆ, ಎಲ್ಲ ಒಂದೇ ಗಾತ್ರ, ಇನ್ನೇನು ಬೇಕು ಅಂತ ಅದನ್ನೇ ಹಂಚಿದೆ.

ಮೇಯರ್, ಲೈಬ್ರರಿಯ ಮೇಡಂ, ಅಗ್ನಿಶಾಮಕ ದಳದ ಮುಖ್ಯಸ್ಥರು, ಇನ್ನೂ ಕೆಲವರು ಲೋಟಗಳಿಗೆ ಹಾಕಿದರು. ಚರ್ಚೆ ಜೋರಾಗಿ ನಡೆಯಿತು. ಕೊನೆಗೆ ಎಣಿಸಿ ನೋಡಿದರೆ ಅಂದಚೆಂದಕ್ಕೆ ಮೊದಲ ಸ್ಥಾನ, ಸುರಕ್ಷತೆ ಎಲ್ಲಕ್ಕಿಂತ ಕೊನೆಯಲ್ಲಿ!

ಮೇಯರ್ ಮುಖ ಬಿಳಿಚಿಕೊಂಡಿತು. "ನಮ್ಮೂರಿಗೆ ಸುರಕ್ಷತೆ ಬೇಡ ಅಂತ ನಾಳೆ ಪೇಪರಿನಲ್ಲಿ ಬಂದರೆ ನನ್ನ ಗತಿಯೇನು?" ಅಂದರು. ನನಗೂ ಗಾಬರಿ. ಈ ತೂಕದ ಮೇಲೇ ಆ ಊರಿನ ಹಳೇ ಸೇತುವೆಯ ಭವಿಷ್ಯ ನಿಂತಿತ್ತು. ಅಂದಚೆಂದ ಗೆದ್ದರೆ ಸೇತುವೆ ಹಿಂದಕ್ಕೆ ಹೋಗಿ ಪಾರ್ಕಿನ ಕಾರಂಜಿ ಮುಂದಕ್ಕೆ ಬರುತ್ತದೆ.

ಅಗ್ನಿಶಾಮಕದ ಮುಖ್ಯಸ್ಥರು ಎದ್ದು ನಿಂತರು. ದಪ್ಪ ಮೀಸೆ, ಭಾರೀ ದನಿ. "ನಾಚಿಕೆಯಾಗಬೇಕು ನಮಗೆ! ಸೇತುವೆ ಕುಸಿದರೆ ನನ್ನ ಗಾಡಿ ಆಚೆ ಹೇಗೆ ಹೋಗುತ್ತದೆ? ಮನೆಗೆ ಬೆಂಕಿ ಬಿದ್ದರೆ ಕಾರಂಜಿ ಓಡಿಬರುತ್ತದೆಯೇ?" ಅಂತ ಮೇಜು ಕುಟ್ಟಿದರು. ಎಲ್ಲರ ಕಣ್ಣೂ ತೇವವಾಯಿತು. ಮಾತಿನ ಭರದಲ್ಲಿ ಅವರ ಎಡಗೈ ತಾನೇ ತಾನಾಗಿ ಪಕ್ಕದಲ್ಲಿದ್ದ ಲೋಟಕ್ಕಿಳಿದು, ನಾಲ್ಕು ಕಾಳು ಎತ್ತಿಕೊಂಡು ಬಾಯಿಗೆ ಹೋಯಿತು.

ಲೈಬ್ರರಿ ಮೇಡಂ ಕನ್ನಡಕ ಸರಿಮಾಡಿಕೊಂಡು ಲೋಟದ ಮೇಲಿನ ಹೆಸರು ಓದಿದರು. "ಚೀಫ್, ನೀವು ಬೆಳಗಿನಿಂದ ತಿನ್ನುತ್ತಿರುವುದು ನಮ್ಮೆಲ್ಲರ ಸುರಕ್ಷತೆ."

ಮೇಯರ್ ನಕ್ಕ ನಗುವಿಗೆ ಕಿಟಕಿ ಅದುರಿತು. ಪೇಪರ್ ಕ್ಲಿಪ್ ಹಂಚಿ ಇನ್ನೊಮ್ಮೆ ಮಾಡಿಸಿದೆವು. ಸುರಕ್ಷತೆ ಗೆದ್ದಿತು, ಸೇತುವೆ ಮೊದಲ ಸ್ಥಾನಕ್ಕೆ ಬಂತು, ನನ್ನ ಎದೆ ಹಗುರವಾಯಿತು. ಹೊರಡುವಾಗ ಚೀಫ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಪರಿಸರವನ್ನು ಯಾರೂ ಮುಟ್ಟಿಲ್ಲ. ಅದನ್ನು ನಾನು ಮನೆಗೆ ಒಯ್ಯಲೇ?"

ಯಾರದೂ ತಕರಾರಿಲ್ಲ

ನಮ್ಮ ಮಿಷಿಗನ್ ಶಾಖೆಗೆ ಒಬ್ಬ ಹುಡುಗಿ ಸೇರಿದಳು. ಹುಟ್ಟಿ ಬೆಳೆದದ್ದೆಲ್ಲ ನಾರ್ತ್‌ವಿಲ್. ಅವಳ ಅಪ್ಪ-ಅಮ್ಮ ಬೆಂಗಳೂರಿನವರು, ನಮಗೆ ಹಳೇ ಪರಿಚಯ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕಂದಿನಿಂದ ನನ್ನನ್ನು ಆಂಟಿ ಅಂದವಳು ಆಫೀಸಿನಲ್ಲೂ ಹಾಗೇ ಕರೆಯತೊಡಗಿದಳು.

"ಇಲ್ಲಿ ಹೆಸರು ಹಿಡಿದು ಕರೀಬೇಕು ಕಣೇ" ಅಂದೆ.

"ಐ ಕಾಂಟ್, ಆಂಟಿ. ಅಮ್ಮ ವಿಲ್ ಕಿಲ್ ಮಿ."

ಹೋಗಲಿ ಅಂತ ಬಿಟ್ಟೆ. ಹುಡುಗಿ ಚುರುಕು. ಒಂದು ಊರಿಗೆ ಹೊಸ ಅಗ್ನಿಶಾಮಕ ಠಾಣೆ ಎಲ್ಲಿ ಕಟ್ಟಬೇಕು ಅಂತ ಆರಿಸುವ ಕೆಲಸ ಬಂದಾಗ, ಊರಿನ ಖಾಲಿ ಜಾಗಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಅಂಕ ಹಾಕಿದ್ದು ಅವಳೇ. ಊರ ನಡುವೆ ಇದೆಯೇ, ದೊಡ್ಡ ರಸ್ತೆ ಹತ್ತಿರವೇ, ಒಡೆಯಬೇಕಾದ ಕಟ್ಟಡ ಇದೆಯೇ, ಅಲ್ಲಿನ ನಿವಾಸಿಗಳು ಸೈರನ್ ಸದ್ದಿಗೆ ತಕರಾರು ಮಾಡುತ್ತಾರೆಯೇ, ಇಂಥವೆಲ್ಲ ಪ್ರಶ್ನೆ.

ಸಭೆಗೆ ಮುಂಚೆ ಟೌನ್ ಹಾಲಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಫಲಿತಾಂಶ ತೆರೆದೆವು. ಒಂದು ಜಾಗ ಉಳಿದೆಲ್ಲವನ್ನೂ ಮೈಲಿಗಟ್ಟಲೆ ಹಿಂದೆ ಹಾಕಿ ಗೆದ್ದಿತ್ತು. ಬಾಸ್‌ಗೆ ಹಿಗ್ಗು. "ಇಷ್ಟು ಸ್ಪಷ್ಟವಾದ ಉತ್ತರ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಇದನ್ನೇ ಮೊದಲ ಸ್ಲೈಡಿಗೆ ಹಾಕು" ಅಂದರು.

ನನಗ್ಯಾಕೋ ಅನುಮಾನ. ಇಷ್ಟು ಒಳ್ಳೆಯ ಜಾಗ ಯಾವ ಊರಲ್ಲೂ ಖಾಲಿ ಬಿದ್ದಿರುವುದಿಲ್ಲ.

"ಇದ್ಯಾವ ಜಾಗ ಕಣೇ?"

"ಇಟ್ಸ್ ಲೈಕ್ ಅ ಪಾರ್ಕ್, ಆಂಟಿ. ಸೋ ಪೀಸ್‌ಫುಲ್. ನೋ ಟ್ರಾಫಿಕ್, ನೋ ಬಿಲ್ಡಿಂಗ್ಸ್."

"ತಕರಾರಿಗೆ ಪೂರ್ತಿ ಅಂಕ ಕೊಟ್ಟಿದೀಯಲ್ಲ, ಅಲ್ಲಿನ ನಿವಾಸಿಗಳು ಒಬ್ಬರೂ ತಕರಾರು ಮಾಡಿಲ್ವಾ?"

"ನಾಟ್ ಅ ಸಿಂಗಲ್ ಒನ್, ಆಂಟಿ. ದೇ ಆರ್ ಸೋ ನೈಸ್!"

ನಕ್ಷೆಯನ್ನು ದೊಡ್ಡದು ಮಾಡಿದೆ. ಹಸಿರು ಹುಲ್ಲು. ಹುಲ್ಲಿನ ಮೇಲೆ ಸಾಲು ಸಾಲು ಕಲ್ಲು. ಕೆಲವುಗಳ ಮುಂದೆ ಹೂಗುಚ್ಛ.

"ಅವರು ತಕರಾರು ಮಾಡಲ್ಲಮ್ಮ" ಅಂದೆ. "ಅವರೆಲ್ಲ ಸ್ಮಶಾನದಲ್ಲಿ ಮಲಗಿದಾರೆ."

ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಷೆಯತ್ತ ಬಗ್ಗಿ ನೋಡಿದ ಬಾಸ್ ಟೈ ಸಡಿಲ ಮಾಡಿಕೊಂಡರು. ಆ ಜಾಗ ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿದೆವು. ಎರಡನೆಯ ಸ್ಥಾನದಲ್ಲಿದ್ದ ಹಳೇ ಮಳಿಗೆಯ ಖಾಲಿ ಪಾರ್ಕಿಂಗ್ ಜಾಗ ಮೊದಲ ಸ್ಥಾನಕ್ಕೆ ಬಂತು. ಮರ್ಯಾದಸ್ತ ಜಾಗ, ಯಾರ ಸಮಾಧಿಯೂ ಇಲ್ಲ. ಮೂವರೂ ಒಟ್ಟಿಗೆ ಉಸಿರು ಬಿಟ್ಟದ್ದಕ್ಕೆ ಕಾರಿನ ಗಾಜು ಮಂಜಾಯಿತು.

ಒಳಗೆ ಹೋದಮೇಲೆ ಪರಿಚಯದ ಸರದಿ ಬಂತು. ಹುಡುಗಿ ದಿನವೂ ನನ್ನನ್ನು ಆಂಟಿ ಅಂತ ಕರೆಯುವುದನ್ನು ಕೇಳಿ ಅದು ನಮ್ಮ ಕಡೆಯ ಯಾವುದೋ ದೊಡ್ಡ ಪದವಿ ಅಂತ ಅವರು ತಿಳಿದಿದ್ದು ನನಗೆ ಆಗಲೇ ಗೊತ್ತಾದದ್ದು. ಮೈಕ್ ಮುಂದೆ ನಿಂತು ಗಂಭೀರವಾಗಿ ಪರಿಚಯ ಮಾಡಿಕೊಟ್ಟರು: "ಇವರು ನಮ್ಮ ಆಂಟಿ. ಇವರ ಕಣ್ಣಿಗೆ ಬೀಳದೆ ನಾವು ಎಲ್ಲೂ ಏನನ್ನೂ ಕಟ್ಟುವುದಿಲ್ಲ."

ಊರಿನ ಮೇಯರ್ ನಮ್ಮಪ್ಪನ ವಯಸ್ಸಿನವರು. ಪ್ರಶ್ನೆಗಳ ಹೊತ್ತು ಬಂದಾಗ ಸೂಟಿನ ಗುಂಡಿ ಹಾಕಿಕೊಂಡು, ಎದ್ದು ನಿಂತು, ವಿನಯದಿಂದ ಕೈ ಎತ್ತಿದರು.

"ಆಂಟಿ, ನನ್ನದೊಂದು ಸಣ್ಣ ಪ್ರಶ್ನೆ."

ಗಿರ್ಮಿಟ್

ಇದು ನನಗೆ ನಿಜವಾಗಿ ಸಂಕಟ ಕೊಟ್ಟ ಪ್ರಸಂಗ.

ನಾರ್ತ್‌ವಿಲ್ ಆಚೆಯ ಒಂದು ಸಣ್ಣ ಊರಿನಲ್ಲಿ 'ಮೊದಲು ಯಾವ ರಸ್ತೆ' ಅನ್ನುವ ಲೆಕ್ಕ ನಡೆದಿತ್ತು. ಒಂದು ಬೀದಿಯ ಕೆಳಗೆ ಕುಡಿಯುವ ನೀರಿನ ಪೈಪ್ ಹಳತಾಗಿ ಪ್ರತಿ ಚಳಿಗಾಲ ಒಡೆಯುತ್ತಿತ್ತು. ಅಂಕದಲ್ಲಿ ಅದೇ ಮುಂದಿತ್ತು. ಕೆಲಸ ಶುರುವಾದರೆ ಬೇಸಿಗೆಯಿಡೀ ಬೀದಿ ಅಗೆದು ಬಿದ್ದಿರುತ್ತದೆ. ಅಂತಿಮ ತೀರ್ಮಾನಕ್ಕೆ ಮುಂಚೆ ಆ ಬೀದಿಯವರ ಅಹವಾಲು ಕೇಳಲು ಸಭೆ ಕರೆದಿದ್ದರು.

ಒಬ್ಬರು ಅಂಗಡಿಯವರು ಮೈಕ್ ಮುಂದೆ ಬಂದರು. ಕತ್ತರಿಸಿದ ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಆ ಬೀದಿಯಲ್ಲಿ ಅವರದೊಂದು ದಿನಸಿ ಅಂಗಡಿ, ಅದರ ಮೂಲೆಯಲ್ಲಿ ಚಹಾ-ತಿಂಡಿಯ ಕೌಂಟರ್. ರಸ್ತೆ ಅಗೆದರೆ ಗಿರಾಕಿ ಬರುವುದಿಲ್ಲ, ಗಿರಾಕಿ ಇಲ್ಲದೆ ಒಂದು ಬೇಸಿಗೆ ಕಳೆದರೆ ಅಂಗಡಿ ಮುಚ್ಚಬೇಕು ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಸಮಿತಿಯವರು ತಲೆಯಾಡಿಸುತ್ತ ಗಡಿಯಾರ ನೋಡಿದರು. ಅಂಗಡಿಯವರಿಗೆ ಬೇಸರವಾಗಿರಬೇಕು. ಮೈಕ್ ಬಿಟ್ಟು ತಿರುಗುತ್ತ ತಮ್ಮಷ್ಟಕ್ಕೇ ಗೊಣಗಿದರು.

"ಈ ಮಂದಿಗೆ ಹೇಳೂದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ."

ನಾನು ಫಕ್ಕನೆ ನಕ್ಕುಬಿಟ್ಟೆ. ಅವರು ಗಕ್ಕನೆ ನಿಂತರು.

"ಅಕ್ಕಾರ, ನೀವು ಕನ್ನಡದವರೇನ್ರೀ?"

"ಹೌದ್ರೀ. ದಾವಣಗೆರೆ."

"ಅಯ್ಯ, ನಮ್ಮ ಹುಬ್ಬಳ್ಳಿ ಬಾಜೂಕ ಆತಲ್ರೀ!"

ಸಮಿತಿಯ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಅವರು ಈಗ ಏನು ಹೇಳಿದರು?"

"ಅದು... ಸಂಗೀತದ ಬಗ್ಗೆ ಸರ್" ಅಂದೆ.

ಬಾಸ್ ನನ್ನ ಕಿವಿಯಲ್ಲಿ "ನೀನು ಅವರ ಮಾತನ್ನು ನಿಖರವಾಗಿ ಅನುವಾದಿಸು, ಅಂಕ ಹಾಕುವುದನ್ನು ನಾನು ನೋಡಿಕೊಳ್ಳುತ್ತೇನೆ" ಅಂದರು. ಅದೇ ಸರಿ, ನಮ್ಮ ಕಡೆಯವರ ಬೀದಿಗೆ ನಾನೇ ಅಂಕ ಹಾಕುವುದು ನ್ಯಾಯವಲ್ಲ. ಅಂಗಡಿಯವರು ಈಗ ನನಗೇ ಹೇಳತೊಡಗಿದರು.

"ಪೈಪ್ ಕೆಟ್ಟೈತಿ ಅನ್ನೂದು ಖರೇ ಐತ್ರೀ ಅಕ್ಕಾರ, ಸುಳ್ಳ ಹೇಳಂಗಿಲ್ಲ ನಾ. ಆದ್ರ ಒಂದೆರಡು ವರ್ಷ ತಡೀರಿ. ಅಂಗಡಿ ಈಗ ಒಂಚೂರು ತನ್ನ ಕಾಲ ಮ್ಯಾಲೆ ನಿಂದ್ರಾಕತ್ತೈತಿ. ಹಿರೇ ಮಗಳು ಈ ವರ್ಷ ಕಾಲೇಜಿಗೆ ಹೊಂಟಾಳ. ರಸ್ತೆ ಅಗದ್ರ ಗಿರಾಕಿ ಹೆಂಗ ಬರ್ತಾರ? ಹಾರಿ ಬರ್ತಾರೇನು?"

ಒಂದೊಂದು ಮಾತನ್ನೂ ಇದ್ದ ಹಾಗೇ ಅನುವಾದಿಸಿದೆ. ನಮ್ಮ ಲೆಕ್ಕದಲ್ಲಿ ಅಂಗಡಿಗಳಿಗಾಗುವ ತೊಂದರೆಗೂ ಒಂದು ತೂಕವಿತ್ತು. ಆದರೆ ಊರು ಕುಡಿಯುವ ನೀರಿನ ಮುಂದೆ ಅದು ಎಷ್ಟರದು? ಬಾಸ್ ಹೇಗೆ ತಿರುಗಿಸಿ ನೋಡಿದರೂ ಆ ಬೀದಿಯೇ ಮೊದಲು ಬಂತು. ತೀರ್ಮಾನ ಓದಿದಾಗ ಅವರು ಜಗಳ ಮಾಡಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾರ, ನೀವಾದ್ರ ಏನ್ ಮಾಡ್ತೀರಿ" ಅಂತ ಹೊರಟರು. ಅದಕ್ಕಿಂತ ಅವರು ಬೈದಿದ್ದರೇ ಚೆನ್ನಾಗಿತ್ತು.

ಕೆಲಸದ ನಕ್ಷೆಯಲ್ಲಿ ಅವರ ಬಾಗಿಲಿಗೆ ಒಂದು ಹಲಗೆಯ ಕಾಲುದಾರಿ, 'ಅಂಗಡಿ ತೆರೆದಿದೆ' ಅನ್ನುವ ಬೋರ್ಡು, ಇಷ್ಟನ್ನು ಬಾಸ್ ಒಪ್ಪಿಗೆ ಪಡೆದು ಸೇರಿಸಿದೆ. ಆಮೇಲೆ ಬೇಸಿಗೆಯಿಡೀ ಆ ಊರಿಗೆ ಹೋಗುವ ಕೆಲಸ ಬಂದರೆ ಏನೋ ನೆಪ ಹೇಳಿ ನಾರ್ತ್‌ವಿಲ್ ಹುಡುಗಿಯನ್ನು ಕಳಿಸುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವರ ಮುಖ ಕಣ್ಣಮುಂದೆ. "ನೀನೇನು ಬೇಕೂಂತ ಮಾಡಿದ್ಯಾ?" ಅಂತ ಗಂಡ ಸಮಾಧಾನ ಹೇಳಿದರೂ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಎಲೆ ಬಣ್ಣ ತಿರುಗುವ ಹೊತ್ತಿಗೆ ಕೊನೆಯ ಪರಿಶೀಲನೆಗೆ ನಾನೇ ಹೋಗಬೇಕಾಯಿತು. ಹುಡುಗಿ ರಜೆಯಲ್ಲಿದ್ದಳು. ಕಾರು ದೂರ ನಿಲ್ಲಿಸಿ, ಮಣ್ಣಿನ ಗುಡ್ಡೆ ದಾಟಿ, ತಲೆ ತಗ್ಗಿಸಿಕೊಂಡು ನಡೆದೆ. ಅಂಗಡಿಗೆ ಬೀಗ ಬಿದ್ದಿರುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ತಲೆ ಎತ್ತಿದೆ.

ಬಾಗಿಲಿನಿಂದ ಹಲಗೆಯ ಕಾಲುದಾರಿಯ ಕೊನೆಯವರೆಗೆ ಜನ! ಎಲ್ಲ ರಸ್ತೆ ಅಗೆಯುವ ಕೆಲಸಗಾರರು. ಹೊಳೆಯುವ ಹಳದಿ ಜಾಕೆಟ್, ತಲೆಗೆ ಹೆಲ್ಮೆಟ್, ಕೈಯಲ್ಲಿ ಪೇಪರ್ ತಟ್ಟೆ. ಎಣ್ಣೆಯಲ್ಲಿ ಮಿರ್ಚಿ ಚೊರ್ ಅನ್ನುವ ಸದ್ದು. ಅವರ ಮೇಸ್ತ್ರಿ, ಬುಲ್ಡೋಜರಿನಂಥ ಆಸಾಮಿ, ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ, ಹೆಲ್ಮೆಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಒಳಗೆ ಕೂಗುತ್ತಿದ್ದ: "ಇನ್ನೂ ಎರಡು ಮಿರ್ಚಿ! ಒಂದು ಗಾರ್ಮೆಂಟ್, ಈರುಳ್ಳಿ ಜಾಸ್ತಿ!"

ಗಾರ್ಮೆಂಟ್ ಅಂದರೆ ಗಿರ್ಮಿಟ್ ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಂಡಕ್ಕಿಗೆ ಈರುಳ್ಳಿ, ಹುಳಿ, ಪುಟಾಣಿ ಪುಡಿ ಕಲಸಿ ಮೇಲೆ ಕೊತ್ತಂಬರಿ ಉದುರಿಸಿದ ಅಪ್ಪಟ ಹುಬ್ಬಳ್ಳಿ ಗಿರ್ಮಿಟ್. ಮಿಷಿಗನ್ನಿನ ಕೆಲಸಗಾರರು ಅದನ್ನು ಬೆರಳು ನೆಕ್ಕಿ ತಿನ್ನುತ್ತಿದ್ದರು.

"ಬರ್ರೀ ಅಕ್ಕಾರ, ಬರ್ರೀ! ಎಲ್ಲಿ ಹೋಗಿದ್ರೀ ಇಷ್ಟ ದಿನ?" ಅಂಗಡಿಯವರು ಎಣ್ಣೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ನಾನು ಏನು ಹೇಳಬೇಕೋ ತಿಳಿಯದೆ "ನಿಮಗೆ ಬಹಳ ತ್ರಾಸಾಗಿರುತ್ತೆ ಅಂತ..." ಅಂದೆ.

"ಎಲ್ಲೀ ತ್ರಾಸ ಹಚ್ಚೀರಿ? ಬಾಂಡ್ಲಿ ಒಲಿ ಮ್ಯಾಲಿಂದ ಇಳಿಸಾಕ ಪುರಸೊತ್ತಿಲ್ರೀ! ಮೊದಲ ಒಬ್ಬಾವ ಬಾತ್‌ರೂಮ್ ಎಲ್ಲೈತಿ ಅಂತ ಕೇಳಾಕ ಬಂದಾ. ಬಂದಾವ ಒಂದು ಮಿರ್ಚಿ ತಿಂದಾ. ಮರುದಿನ ಇಡೀ ಗ್ಯಾಂಗ್ ಬಂತು."

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಟ್ಟರು, ಬೇಡ ಬೇಡ ಅಂದರೂ ಮಿರ್ಚಿ ಕೊಟ್ಟರು. ಮಗಳು ಕಾಲೇಜು ಸೇರಿದಳಂತೆ. ಮೊದಲ ಮಿರ್ಚಿ ಕಚ್ಚಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಖಾರಕ್ಕೆ ಅಂದುಕೊಳ್ಳಲಿ ಅಂತ ಬಿಟ್ಟೆ. ನಾಲ್ಕು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ರೋಡ್ ರೋಲರ್ ಅವತ್ತು ಇಳಿದು ಹೋಯಿತು.

ಎದ್ದು ಹೊರಡುವಾಗ ಅವರು ದನಿ ತಗ್ಗಿಸಿದರು. "ಮುಂದಿನ ವಾರ ಕೆಲಸ ಮುಗೀತೈತಂತಲ್ರೀ?"

"ಹೌದ್ರೀ. ಟಾರ್ ಹಾಕಿಬಿಟ್ರೆ ಮುಗೀತು. ನಿಮ್ಮ ರಸ್ತೆ ಕನ್ನಡಿ ಆಗುತ್ತೆ."

"ಆಮ್ಯಾಲೆ ಈ ಮಂದೆಲ್ಲ ಎಲ್ಲಿ ಹೊಂಟ್ರು?"

"ಆ ಕಡೆ ಬೀದಿಗೆ. ಲೆಕ್ಕದಲ್ಲಿ ಅದು ಎರಡನೇದು."

ಅವರ ಮುಖ ಬಾಡಿಹೋಯಿತು. "ಅಲ್ಲೇನೈತ್ರೀ? ಬರೇ ಒಂದು ಹಲ್ಲಿನ ದವಾಖಾನಿ." ಹೊರಗೆ ಸಾಲಿನಲ್ಲಿ ನಿಂತ ಹಳದಿ ಜಾಕೆಟ್‌ಗಳನ್ನು ಒಮ್ಮೆ ಕರುಣೆಯಿಂದ ನೋಡಿ, ನನ್ನ ಹತ್ತಿರಕ್ಕೆ ಬಾಗಿದರು.

"ಅಕ್ಕಾರ, ನಿಮ್ಮ ಲೆಕ್ಕ ಇನ್ನೊಮ್ಮೆ ಮಾಡಿ ನೋಡ್ರಿ. ನಮ್ಮ ರಸ್ತೆದಾಗ ಇನ್ನೊಂದು ಪೈಪ್ ಕೆಟ್ಟಿರಬೇಕು. ಕೆಟ್ಟಿಲ್ಲಂದ್ರ ಎಲ್ಲೈತಿ ಅಂತ ಅಷ್ಟ ಹೇಳ್ರಿ, ನಾನ ಕೆಡಸ್ತೀನಿ."